ನಮ್ಮ ಸಹಾಯವಾಣಿ ನಮ್ಮ ಮೇಜಿನ ಮೇಲೇ

ಸಿಬ್ಬಂದಿಯ ಯೋಗಕ್ಷೇಮ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಸಾಂಕ್ರಾಮಿಕದ ವಾರ್ಡಿನಲ್ಲಿ ದುಡಿಯುವ ನಮಗೆಂದು ತಾವು ತೆರೆದ ಮಾನಸಿಕ ಸಹಾಯವಾಣಿಯನ್ನು ‘ಬೇಡಿಕೆ ಇಲ್ಲ’ ಎಂಬ ಕಾರಣಕ್ಕೆ ಸೋಮವಾರದಿಂದ ಮುಚ್ಚುತ್ತಿದ್ದೀರಂತೆ. ಆ ಫೋನ್ ಎಲ್ಲಿದೆ ಎಂದಾದರೂ ತಮಗೆ ಗೊತ್ತೇ? ನಮ್ಮ ವಾರ್ಡಿನ ಮೇಜಿನ ಮೇಲೆ, ಕೈಗವಸಿನ ಡಬ್ಬಿಯ ಪಕ್ಕದಲ್ಲಿದೆ. ಅದನ್ನು ಎತ್ತುವವಳು ಈ ವಾರ್ಡಿನ ಹಿರಿಯ ನರ್ಸ್, ಅಂದರೆ ನಾನು.

ಯಾಕೆ ಹೀಗೆ ಎಂದು ತಮ್ಮ ಕಚೇರಿಯಲ್ಲಿ ಕೇಳಿದ್ದೆ. “ಅಲ್ಲಿ ಯಾವಾಗ್ಲೂ ಯಾರಾದ್ರೂ ಎಚ್ಚರ ಇರ್ತೀರಲ್ಲಾ ಮೇಡಂ” ಎಂದರು ಗುಮಾಸ್ತರು. ನಿದ್ದೆ ಬಾರದೆ ಒದ್ದಾಡುವವರಿಗೆ ನಿದ್ದೆಗೆಟ್ಟವರನ್ನೇ ಆಸರೆಯಾಗಿ ಕೊಟ್ಟ ತಮ್ಮ ಜಾಣ್ಮೆಗೆ ಏನೆನ್ನಲಿ! ದಿನವಿಡೀ ನಮಗೆ ಕೈ ತೊಳೆಯುವ ಪಾಠ ಹೇಳಿದಿರಿ. ನಮ್ಮ ವಿಷಯದಲ್ಲಿ ಕೈ ತೊಳೆದುಕೊಳ್ಳುವುದನ್ನು ಮಾತ್ರ ತಮ್ಮಿಂದಲೇ ಕಲಿಯಬೇಕು. ಗೋಡೆಗೆ ಅಂಟಿಸಲು ಒಂದು ಬಣ್ಣದ ಚಿತ್ರವನ್ನೂ ಕಳಿಸಿದಿರಿ. ಅದರಲ್ಲಿ ನಗುತ್ತಿರುವ ನರ್ಸ್‌ಗೆ ಮಾಸ್ಕೂ ಇಲ್ಲ, ಮಾಸ್ಕಿನ ದಾರ ಉಜ್ಜಿ ಕಿವಿಯ ಹಿಂದೆ ಆಗುವ ಹುಣ್ಣೂ ಇಲ್ಲ. ಕಣ್ಣೊರೆಸುವ ತಂತ್ರ ಎನ್ನುವುದು ಇದಕ್ಕೇ ಇರಬೇಕು. ನಾವು ಕಣ್ಣೊರೆಸಿಕೊಳ್ಳೋಣವೆಂದರೆ ಫೇಸ್‌ಶೀಲ್ಡ್ ಅಡ್ಡ ಬರುತ್ತದೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಆ ಫೋನ್ ರಿಂಗಾಯಿತು. “ಮೇಡಂ, ಮನಸ್ಸು ಸರಿಯಿಲ್ಲದೋರು ಮಾಡೋ ನಂಬರ್ ಇದೇ ತಾನೆ?” ಎಂದು ಪಿಸುದನಿ. ತಕ್ಷಣ ಗುರುತು ಸಿಕ್ಕಿತು: ನಮ್ಮದೇ ವಾರ್ಡಿಗೆ ಹೊಸದಾಗಿ ಬಂದ ಕಿರಿಯ ನರ್ಸ್. ಬಟ್ಟೆ ಬದಲಿಸುವ ಕೋಣೆಯ ಚಿಲಕ ಹಾಕಿಕೊಂಡು ಕರೆ ಮಾಡಿದ್ದಳು. ಆ ನಂಬರ್ ನಮ್ಮ ಮೇಜಿಗೇ ಬರುತ್ತದೆಂದು ಪಾಪ, ಅವಳಿಗೆ ಗೊತ್ತಿರಲಿಲ್ಲ. ಎರಡು ಮಾಸ್ಕಿನ ಹಿಂದಿನ ನನ್ನ ದನಿಯೂ ಗೊತ್ತಾಗಲಿಲ್ಲ. ನಾನೆಂದು ಹೇಳಿದರೆ ಫೋನ್ ಇಟ್ಟುಬಿಡುತ್ತಾಳೆ ಎಂದು ಹೆದರಿ, “ಹೇಳಮ್ಮಾ” ಎಂದಷ್ಟೇ ಅಂದೆ.

“ಯಾರಾದ್ರೂ ಹೋದ್ರೆ ನಂಗೀಗ ಅಳು ಬರಲ್ಲ ಮೇಡಂ. ಹಾಸಿಗೆ ಬಟ್ಟೆ ಬದಲಾಯಿಸಬೇಕಲ್ಲಾ ಅಂತ ಬೇಜಾರಾಗುತ್ತೆ, ಅಷ್ಟೆ. ಮನೇಲಿ ಅಮ್ಮ ಊಟ ಬಡಿಸ್ತಿದ್ರೆ ಅವಳ ಉಸಿರನ್ನೇ ನೋಡ್ತಾ ಕೂತಿರ್ತೀನಿ. ನಾನು ಕೆಟ್ಟೋಳಾಗ್ಬಿಟ್ನಾ? ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ.” ಆಮೇಲೆ ಹೇಳಿದಳು: “ನಮ್ಮ ಸೀನಿಯರ್ ಅಕ್ಕಂಗೆ ಮಾತ್ರ ಹೇಳ್ಬೇಡಿ. ಅವ್ರು ಆಗ್ಲೇ ಸೋತು ಹೋಗಿದಾರೆ.”

ಆ ಅಕ್ಕ ನಾನೇ, ಮಾನ್ಯರೇ. ನನಗೆ ಬಿಪಿ ನೋಡಲು ಬರುತ್ತದೆ, ಸೂಜಿ ಚುಚ್ಚಲು ಬರುತ್ತದೆ. ಬದುಕು ಸಾಕೆನ್ನುವ ಹುಡುಗಿಗೆ ಸಮಾಧಾನ ಹೇಳಲು ಬರುವುದಿಲ್ಲ. “ನೀರು ಕುಡಿಯಮ್ಮಾ, ನಾಳೆ ಮತ್ತೆ ಮಾಡು” ಎಂದೆ. ಮಾಡಿದಳು. ದಿನವೂ ಮಾಡಿದಳು. ಅವಳಿಗೆ ರಜೆ ಕೊಡಿ ಎಂದು ನಾನು ಬರೆದರೆ, ಜ್ವರವಿಲ್ಲವಲ್ಲ ಎಂದು ತಾವು ತಳ್ಳಿಹಾಕಿದಿರಿ. ಥರ್ಮಾಮೀಟರಿಗೆ ಕಾಣದ್ದು ಕಾಯಿಲೆಯೇ ಅಲ್ಲವೇ? ಕರೆಗಳೆಲ್ಲ ಒಂದೇ ನಂಬರಿನಿಂದ ಬಂದವು, ಆದ್ದರಿಂದ ಬೇಡಿಕೆ ಇಲ್ಲ ಎಂದು ತಮ್ಮವರ ಲೆಕ್ಕಾಚಾರ. ಉಳಿದವರು ಯಾಕೆ ಮಾಡಲಿಲ್ಲ ಎಂದು ಯಾರಾದರೂ ಕೇಳಿದಿರಾ? ಫೋನ್ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ನನ್ನ ಕೈ ಹಿಡಿದುಕೊಂಡಳು. “ಬರೀರಿ ಅಕ್ಕಾ, ಹೆಸರು ಮಾತ್ರ ಬೇಡ” ಎಂದಳು. ಎದ್ದು ಹೋಗುವಾಗ ಕೇಳಿದಳು: “ಅದ್ಸರಿ, ನೀವು ಯಾರಿಗೆ ಫೋನ್ ಮಾಡ್ತೀರ?”

ಅದಕ್ಕೆ ಉತ್ತರ ತಮ್ಮಲ್ಲಿ ಇರಬೇಕು. ಅವಳಿಗೆ ರಜೆ ಕೊಡಿ, ಇವತ್ತೇ ಕೊಡಿ. ಸಹಾಯವಾಣಿ ಮುಚ್ಚಬೇಡಿ; ಅದನ್ನು ನಮ್ಮ ಮೇಜಿನಿಂದ ಎತ್ತಿಕೊಂಡು ಹೋಗಿ, ನಮ್ಮ ಮುಖಪರಿಚಯವಿಲ್ಲದ, ಮನಸ್ಸಿನ ವಿಷಯ ಓದಿಕೊಂಡ ವೈದ್ಯರೊಬ್ಬರ ಮುಂದೆ ಇಡಿ. ಅವರು ಬಂದು ಕೂತ ದಿನ ಮೊದಲ ಕರೆ ನನ್ನದೇ ಇರುತ್ತದೆ.

ಇಂತಿ,
ಸುಸ್ತಾದದ್ದಕ್ಕೂ ಕ್ಷಮೆ ಕೇಳಿ ರೂಢಿಯಾಗಿರುವ
ಒಬ್ಬ ನರ್ಸ್