ಮಹಾಪೂರದಲ್ಲಿ ನನ್ನ ಲ್ಯಾಪ್‌ಟಾಪನ್ನು ಕಾಪಾಡಿದವರಿಗೆ

ಕಂಪ್ಯೂಟರ್ ಸುರಕ್ಷತಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ನಮ್ಮ ಕಬ್ಬಿನ ಮೇಲೆ ಹರಿಯುತ್ತಿದ್ದಾಗ, ನಡುನೀರಿನಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿದ್ದ ದಾರಿ ತೋರುವ ತಂತ್ರಾಂಶವನ್ನು ನೀವು ತಡೆದಿರಿ. ಅದೇನು ಕದ್ದ ಮಾಲಲ್ಲ. ಸಮುದ್ರದಲ್ಲಿ ಹಾಯಿದೋಣಿಯವರು ಬಳಸುವಂಥದ್ದು; ನೌಕಾಪಡೆಯಲ್ಲಿದ್ದಾಗ ಕಲಿತು, ನಿವೃತ್ತನಾದ ಮೇಲೂ ನಾನು ನಂಬಿಕೊಂಡು ಬಂದದ್ದು.

ಹೊಳೆಗೇಕೆ ಸಮುದ್ರದ ಉಸಾಬರಿ ಎಂದು ನಗಬೇಡಿ. ಉಗಾರ ಬುದ್ರುಕದಲ್ಲಿ ಪೂರ ಬಂದರೆ ಹೊಳೆ ಯಾವುದು, ಹೊಲ ಯಾವುದು ಎಂದು ಹೊಳೆಗೇ ತಿಳಿಯುವುದಿಲ್ಲ. ಬೋಟಿನ ಕೆಳಗೆ ಬಾವಿಯ ಕಟ್ಟೆ, ಕರೆಂಟಿನ ಕಂಬ, ಪಂಪ್‌ಸೆಟ್ಟಿನ ತಂತಿ ಎಲ್ಲ ಅಡಗಿರುತ್ತವೆ. ೨೦೦೫ರ ಪೂರ ಇಳಿದ ಮೇಲೆ ನಾನು ಬೇಸಿಗೆ ಬೇಸಿಗೆಯೂ ಹೊಲ ಸುತ್ತಿ ಇವನ್ನೆಲ್ಲ ಆ ತಂತ್ರಾಂಶದ ನಕ್ಷೆಯಲ್ಲಿ ಗುರುತು ಹಾಕಿದೆ. "ಭೀಮಗೊಂಡಣ್ಣಗ ತಲಿ ತಿರಗೇತಿ" ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಬಾವಿ ಹತ್ತಿರ ಬಂದರೆ ಲ್ಯಾಪ್‌ಟಾಪ್ ಕೂಗಿ ಎಚ್ಚರಿಸುತ್ತಿತ್ತು.

ಆ ದಿನ ತೋಟದ ಮನೆಯಿಂದ ನನ್ನ ಅಕ್ಕ ಕೆಂಪವ್ವ ಫೋನ್ ಮಾಡಿದಳು. "ತಮ್ಮಾ, ನೀರು ಎಮ್ಮಿ ಮೇವಿನ ಗ್ವಾದಲಿಗಿ ಬಂದೈತಿ. ಎಮ್ಮಿ ಗಬ್ಬ ಐತಿ, ಒಂಟಿ ಬಿಟ್ರ ಹೊಳಿ ಪಾಲಾಕ್ಕೈತಿ." ಬೋಟಿನ ಪಕ್ಕಕ್ಕೆ ಕಟ್ಟಿ ಈಜಿಸಿಕೊಂಡು ಬರೋಣ, ಬಂದೇಬಿಟ್ಟೆ ಎಂದೆ. ಅವಳು ಕಣ್ಣಿ ಹಿಡಿದುಕೊಂಡು ಕಾದಳು.

ಕಣ್ಣಿ ಎಂದರೆ ದನ ಕಟ್ಟುವ ಹಗ್ಗ. ಮಳೆಗಾಲ ಹತ್ತಿದರೆ ನಮ್ಮ ಹೊಳೆದಂಡೆಯವರು ಅದಕ್ಕೆ ಜೀರುಗುಣಿಕೆ ಎಂಬ ಗಂಟನ್ನೇ ಹಾಕುತ್ತಾರೆ. ದನ ಎಷ್ಟೇ ಜಗ್ಗಲಿ, ಗಂಟು ಬಿಗಿಯಾಗುತ್ತದೆಯೇ ಹೊರತು ಬಿಚ್ಚುವುದಿಲ್ಲ. ಮನೆಯವರು ಒಂದೇ ಕೈಯಿಂದ ತುದಿ ಎಳೆದರೆ ಬಿಚ್ಚಿಬಿಡುತ್ತದೆ. ಈ ಗಂಟಿನ ಮಾತಿಗೆ ಆಮೇಲೆ ಬರುತ್ತೇನೆ.

ನಾವಿಬ್ಬರು ಹೊರಟ ಬೋಟು ಅರ್ಧ ದಾರಿಯಲ್ಲಿತ್ತು. ಹಿಂದಿನ ದಿನವಷ್ಟೇ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡಿದ್ದ ನಿಮ್ಮ ವ್ಯವಸ್ಥೆ ಪರದೆಯಿಂದ ನಕ್ಷೆಯನ್ನು ಅಳಿಸಿ, ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸಿತು: ಅಪರಿಚಿತ ತಂತ್ರಾಂಶವೊಂದು ನಿಮ್ಮ ಕಡತ ಮುಟ್ಟದಂತೆ ತಡೆಯಲಾಗಿದೆ, ನೀವು ಸುರಕ್ಷಿತರು.

"ಅಣ್ಣಾರ, ಏನಂತೈತ್ರಿ ಅದು?" ಚುಕ್ಕಾಣಿ ಹಿಡಿದಿದ್ದ ಹಾಲಸಿದ್ದ ಕೇಳಿದ.

"ನಾವು ಸುರಕ್ಷಿತ ಅದೇವಂತ."

"ಹಂಗಾದ್ರ ಇಳದು ನಡ್ಕೊಂತ ಹೋಗೂಣೇನ್ರಿ?"

ಇದಕ್ಕೆ ನಿಮ್ಮ ಬಳಿ ಉತ್ತರವಿದೆಯೇ, ಸ್ವಾಮಿ? ನಕ್ಷೆ ನನ್ನದು, ಯಂತ್ರ ನನ್ನದು, ಜೀವ ನಮ್ಮದು. ಅಪರಿಚಿತ ಯಾರು? ಅನುಮತಿ ಕೊಡೋಣವೆಂದು ಒತ್ತಿದರೆ, ಮೊದಲು ನೆಟ್‌ಗೆ ಬಂದು ನೀವೇ ಮಾಲೀಕರೆಂದು ಸಾಬೀತು ಮಾಡಿ ಎಂದಿತು. ಅಷ್ಟರಲ್ಲಿ ಟವರೂ ಸತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಬಿಡಲಿಲ್ಲ. ಆ ಲ್ಯಾಪ್‌ಟಾಪನ್ನು ಎತ್ತಿ ಹೊಳೆಗೆ ಒಗೆಯುವಷ್ಟು ಸಿಟ್ಟು ಬಂದಿತ್ತು. ಒಗೆಯಲಿಲ್ಲ, ಅಲ್ಲಿಯೂ ಅದು ಸುರಕ್ಷಿತವಾಗಿಯೇ ಇರುತ್ತಿತ್ತೇನೋ!

ಗಳದಿಂದ ನೀರು ತಿವಿಯುತ್ತ ಹೊರಟೆವು. ಪಂಪ್‌ಸೆಟ್ಟಿನ ತಂತಿ ಬೋಟಿನ ಫ್ಯಾನಿಗೆ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಂಡು ತೋಟದ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೆಂಪವ್ವ ಮಾಳಿಗೆಯ ಮೇಲೆ ಕೂತಿದ್ದಳು. ಕೈಯಲ್ಲಿ ಬರೀ ಕಣ್ಣಿ.

"ನೀರು ಎದಿಮಟ ಬಂತು ತಮ್ಮಾ. ಗಂಟಿನ ತುದಿ ಜಗ್ಗಿಬಿಟ್ಟೆ. ಹೊಳ್ಳಿ ಹೊಳ್ಳಿ ನನ್ನ ಕಡೇನ ನೋಡಾಕತ್ತಿತ್ತು."

ನಾನು ಅತ್ತುಬಿಟ್ಟೆ, ಮಾನ್ಯರೇ. ನೌಕಾಪಡೆಯವರು ಅಳಬಾರದೆಂದು ನಿಯಮವಿದ್ದರೆ ಈ ಅಳುವನ್ನೂ ತಡೆಯಿರಿ. ಎಮ್ಮೆ ಇವತ್ತಿಗೂ ಸಿಕ್ಕಿಲ್ಲ.

ಅವಳನ್ನು ಬೋಟಿಗೆ ಹತ್ತಿಸಿಕೊಂಡು ಮರಳುವ ದಾರಿಯಲ್ಲಿ ನಿಮ್ಮ ಸಂಗತಿಯನ್ನು ಅವಳಿಗೆ ಬಿಡಿಸಿ ಹೇಳಿದೆ. ಅವಳು ನಿಮ್ಮನ್ನು ಬೈಯಲಿಲ್ಲ. "ಮಾಲಕನ ಕೈಲೇ ಬಿಚ್ಚಾಕ ಬರದಂಥಾ ಗಂಟು ಯಾರರೆ ಹಾಕ್ತಾರೇನ? ಅವರ ಮನ್ಯಾಗ ದನಾ ಇಲ್ಲೇನ?" ಎಂದು ಕೇಳಿದಳು ಅಷ್ಟೇ.

ನನ್ನ ಬೇಡಿಕೆಯೂ ಅಷ್ಟೇ. ಕಳ್ಳರಿಂದ ಕಾಯಿರಿ, ಯಾರು ಬೇಡವೆಂದರು? ಆದರೆ ಗಂಟಿನ ತುದಿ ನಮ್ಮ ಕೈಯಲ್ಲಿರಲಿ. ನೆಟ್ ಇಲ್ಲದಿದ್ದರೂ, ನಿಮ್ಮ ಅಪ್ಪಣೆ ಇಲ್ಲದಿದ್ದರೂ, ನಾವು ಜಗ್ಗಿದರೆ ಬಿಚ್ಚಬೇಕು. ಅಂಥ ಗಂಟು ಹಾಕಲು ನಿಮ್ಮಲ್ಲಿ ಯಾರಿಗೂ ಬಾರದಿದ್ದರೆ ಉಗಾರಕ್ಕೆ ಬನ್ನಿ. ಆ ಕಣ್ಣಿ ಈಗ ಗೋಡೆಯ ಗೂಟದಲ್ಲಿ ತೂಗುತ್ತಿದೆ, ಕೆಂಪವ್ವ ಹಾಕಿ ತೋರಿಸುತ್ತಾಳೆ. ಕಟ್ಟಲು ಎಮ್ಮೆಯೊಂದನ್ನು ಮಾತ್ರ ನೀವೇ ತರಬೇಕು.

ಇಂತಿ,
ಊರಿಗೆಲ್ಲ ಪರಿಚಿತ, ತನ್ನ ಲ್ಯಾಪ್‌ಟಾಪಿಗೆ ಮಾತ್ರ ಅಪರಿಚಿತ,
ಭೀಮಗೊಂಡ, ಉಗಾರ ಬುದ್ರುಕ