ಎರಡನೆಯ ಜೊತೆ ಬೂಟು

ಕೆಂಪುಗುಂಡಿ ಮೈದಾನ, ಸಂಡೂರು
ನಡುಬೇಸಿಗೆ ಮಾಸದ ಮೂವತ್ತೆಂಟನೆಯ ದಿನ, 2214

ಈರಮ್ಮಜ್ಜಿಗೆ, ನಿಮ್ಮ ಮರಿಮಗಳ ಮೊಮ್ಮಗಳು ಹೊನ್ನೂರಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತ ಹೋಗಿ, ಅದಕ್ಕೆಂದೇ ಹೊಸದೊಂದು ತಿಂಗಳನ್ನು ಸೇರಿಸಿಕೊಂಡಿದ್ದೇವೆ. ನಿಮಗೆ ತಿಳಿಯದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಪ್ಪತ್ತೆರಡರ ಹುಡುಗಿಯಾದ ನಿಮ್ಮನ್ನು ಈ ಮುದುಕಿ ‘ಅಜ್ಜಿ’ ಎಂದು ಕರೆಯುವುದೇ ನಗೆಪಾಟಲಿನ ಸಂಗತಿ, ಅದಕ್ಕೂ ಕ್ಷಮೆಯಿರಲಿ.

ನೀವು ಸಾವಿರದೈನೂರು ಮೀಟರ್ ಓಡುತ್ತಿದ್ದಿರಂತೆ. ಒಂದು ದಿನವೂ ಬಿಡದೆ ಓಡಿ ಓಡಿ, ಮೊಣಕಾಲ ಕೆಳಗಿನ ಎಲುಬು ಬಿರುಕುಬಿಟ್ಟು, ಅಲ್ಲಿಗೇ ಓಟ ಬಿಟ್ಟಿರಂತೆ. ನಮ್ಮ ಮನೆಯಲ್ಲಿ ಇಂದಿಗೂ ಹೇಳಿಕೊಂಡು ಮರುಗುತ್ತಾರೆ. ಈ ಪತ್ರ ಅದಕ್ಕೂ ಮುಂಚೆ ನಿಮ್ಮ ಕೈಸೇರಲಿ ಎಂಬುದೇ ನನ್ನ ಆಸೆ.

ನಿಮ್ಮ ಕಾಲದಲ್ಲಿ ಲಾರಿಗಳು ಇಳಿದು ಅದಿರು ಹೊತ್ತೊಯ್ಯುತ್ತಿದ್ದ ಗುಂಡಿಯೇ ಈಗ ನಮ್ಮ ಮೈದಾನ. ಇಲ್ಲಿ ಹುಡುಗಿಯರಿಗೆ ಓಟ ಕಲಿಸುವವಳು ನಾನೇ. ಮೆಟ್ಟಿಲು ಮೆಟ್ಟಿಲಾಗಿ ಅಗೆದಿದ್ದ ಗೋಡೆಗಳ ಮೇಲೆ ಬೇವು, ಹೊಂಗೆ ಬೆಳೆದು ನಿಂತಿವೆ. ತಳದಲ್ಲಿ ಕೆಮ್ಮಣ್ಣಿನ ಓಟದ ಹಾದಿ, ಅದರ ಮೇಲೆ ಉದ್ದಕ್ಕೂ ಸೋರೆಬಳ್ಳಿಯ ಹಂದರ. ಇಲ್ಲದಿದ್ದರೆ ಈ ಬಿಸಿಲಲ್ಲಿ ಯಾರು ಓಡುತ್ತಾರೆ? ಯಾರ ಸಾಲಿನಲ್ಲಿ ಸೋರೆಕಾಯಿ ಬೀಳುತ್ತದೋ ಅದು ಅವರ ಮನೆಗೆ. ಒಂದು ದಿನ ಜೀವ ಬಾಯಿಗೆ ಬರುವ ವೇಗ, ಮರುದಿನ ‘ಹರಟೆ ಓಟ’. ಓಡುತ್ತಲೇ ಪಕ್ಕದವಳೊಂದಿಗೆ ಹರಟಬೇಕು. ಏದುಸಿರು ಬಂದು ಮಾತು ತಡವರಿಸಿದರೆ, ಜೋರಾಗಿ ಓಡಿದ್ದೀಯ ಎಂದು ಗದರಿ ಮನೆಗೆ ಕಳಿಸುತ್ತೇನೆ. ಆಮೇಲೆ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ.

ವಾರದಲ್ಲಿ ಒಂದು ದಿನ ಓಟಕ್ಕೆ ರಜೆ, ಅದೇ ‘ಒತ್ತೆದಿನ’. ಅಂದು ನಮ್ಮ ಬೂಟುಗಳನ್ನು ಎದುರಾಳಿಯ ಬಳಿ ಒತ್ತೆಯಿಡಬೇಕು. ಗೆಳತಿಯ ಬಳಿಯಲ್ಲ, ನಮ್ಮನ್ನು ಸೋಲಿಸಲು ಕಾದು ಕುಳಿತವಳ ಬಳಿಯೇ. ಮರುದಿನ ಬೆಳಿಗ್ಗೆ ಅವಳೇ ತಂದುಕೊಡುತ್ತಾಳೆ. ಅವಳು ತರುತ್ತಾಳೆ ಎಂದು ನಂಬಬೇಕು, ಸುಮ್ಮನಿದ್ದ ದಿನವೂ ಕಾಲು ಬಲಿಯುತ್ತದೆ ಎಂದೂ ನಂಬಬೇಕು. ನೂರು ಸುತ್ತು ಓಡುವುದಕ್ಕಿಂತ ಇದೇ ಕಷ್ಟ ನೋಡಿ.

ನನ್ನ ಮೊಮ್ಮಗಳು ಸುಂಕಮ್ಮನಿಗೆ ಅದು ಆಗಲಿಲ್ಲ. ಹೊಸಪೇಟೆಯ ಮಹಬೂಬಿ ಅವಳ ಎದುರಾಳಿ. ಹೋದ ವರ್ಷ ಸುಂಕಮ್ಮ ಒಂದು ಜೊತೆಯನ್ನು ಮಹಬೂಬಿಗೆ ಕೊಟ್ಟು, ಹಳೆಯದೊಂದನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದಳು. ಒತ್ತೆದಿನಗಳಲ್ಲಿ ಕದ್ದು ಓಡಿದಳು. ರಾಜ್ಯದ ಓಟ ಇನ್ನೇನು ಬಂತು ಎನ್ನುವಾಗ ಎಲುಬು ಬಿರಿಯಿತು, ಥೇಟ್ ನಿಮ್ಮ ಹಾಗೆಯೇ. ಓಟ ಬಿಟ್ಟೇಬಿಡುತ್ತೇನೆ ಎಂದು ಕದ ಹಾಕಿಕೊಂಡು ಅತ್ತಳು. ಆ ಓಟ ಗೆದ್ದ ಮಹಬೂಬಿ ಮರುದಿನವೇ ಬಂದು, ತನ್ನ ಬಳಿ ಉಳಿದಿದ್ದ ಒತ್ತೆಯ ಬೂಟಿನ ಕೆಂಪು ಧೂಳು ಒರೆಸಿ ಬಾಗಿಲಲ್ಲಿಟ್ಟು ಹೋದಳು. ಸುಂಕಮ್ಮ ಮೊದಲು ನೀರಲ್ಲಿ ನಡೆದಳು, ಆಮೇಲೆ ಹರಟೆ ಓಟ, ಆಮೇಲೆ ಗುಂಡಿಯ ಏರು ಹತ್ತಿ ಓಟ. ವರ್ಷವೇ ಹಿಡಿಯಿತು.

ನಾಳೆ ಮತ್ತೆ ರಾಜ್ಯದ ಓಟ. ಇಂದು ಒತ್ತೆದಿನ. ಬೆಳಗಿನಿಂದ ಹುಡುಗಿ ಕೂತಲ್ಲಿ ಕೂರಲಿಲ್ಲ, ಹತ್ತು ಸಲ ಗುಂಡಿಯತ್ತ ಇಣುಕಿದಳು. ಇವತ್ತು ಓಡಿದಳೋ, ವರ್ಷದ ಪಾಡೆಲ್ಲ ನೀರುಪಾಲು! ಅಷ್ಟರಲ್ಲಿ ಮಹಬೂಬಿ ಬಂದು ಕೈಚಾಚಿದಳು. ಸುಂಕಮ್ಮ ಒಳಗೆ ಹೋಗಿ ಎರಡು ಜೊತೆ ಬೂಟು ತಂದು ಅವಳ ಕೈಗಿಟ್ಟಳು.

“ಇದ್ಯಾಕವ್ವಾ ಎರಡು ಜೊತಿ?” ಎಂದಳು ಮಹಬೂಬಿ.

“ಒಂದು ಓಡಾಕ, ಇನ್ನೊಂದು ಕದ್ದು ಓಡಾಕ. ಎರಡೂ ನೀನ ಇಟ್ಕ.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಈಗ ಸುಂಕಮ್ಮ ಬಾಯಿ ಬಿಟ್ಟುಕೊಂಡು ಮಧ್ಯಾಹ್ನದ ನಿದ್ದೆ ಹೊಡೆಯುತ್ತಿದ್ದಾಳೆ. ನಾಳೆ ಗೆಲ್ಲುತ್ತಾಳೋ ಇಲ್ಲವೋ ಗೊತ್ತಿಲ್ಲ. ಮಹಬೂಬಿ ಸಾಮಾನ್ಯದವಳಲ್ಲ. ಆದರೆ ಸುಂಕಮ್ಮನ ಎರಡು ಕಾಲೂ ಗಟ್ಟಿಯಾಗಿವೆ, ನಾಳೆ ಗೆರೆಯ ಮೇಲೆ ನಿಂತೇ ನಿಲ್ಲುತ್ತಾಳೆ.

ಅಜ್ಜಿ, ನಿಮ್ಮ ಮಂಚದ ಕೆಳಗೂ ಒಂದು ಜೊತೆ ಇತ್ತೆಂದು ಕೇಳಿದ್ದೇನೆ. ಇವತ್ತೇ ಹೊರಗೆ ತೆಗೆಯಿರಿ. ನೀವು ಯಾರಿಗೆ ಹೆದರುತ್ತೀರೋ ಅವಳ ಮನೆಗೇ ಹೋಗಿ, ಎರಡು ಜೊತೆಯನ್ನೂ ಅವಳ ಕೈಗೆ ಕೊಟ್ಟು ಬಂದು ಮಲಗಿ. ಬೆಳಿಗ್ಗೆ ತಂದುಕೊಡುತ್ತಾಳೆ.