ನನ್ನ ಹೆಸರಿನಲ್ಲಿ ತಪ್ಪಿದ ಪದಕ

ಧಾರವಾಡ,
೧೭ ಜನವರಿ ೧೯೪೪

ಚಿರಂಜೀವಿ ಪಂಢರಿನಾಥನಿಗೆ ತಾಯಿಯ ಆಶೀರ್ವಾದ.

ಆಶೀರ್ವಾದ ಎಂದು ಬರೆದದ್ದು ರೂಢಿಯಿಂದ. ಈ ಹೊತ್ತು ಮನಸ್ಸಿನಲ್ಲಿ ಅದಿಲ್ಲ.

ಹುಬ್ಬಳ್ಳಿಯ ನಿಮ್ಮ ಟಾಕಿ ರಸಿಕರ ಮಂಡಳಿ ವರ್ಷದ ಉತ್ತಮ ನಟಿಗೆ ಬಂಗಾರದ ಪದಕ ಕೊಡುತ್ತದೆ, ಆರಿಸುವ ಪಂಚರಲ್ಲಿ ಹೆಣ್ಣುಮಗಳೊಬ್ಬಳು ಬೇಕು ಎಂದು ನೀನೇ ಬಂದು ಕರೆದೆ. ‘ಅವ್ವಾ, ನೀ ಕೂತ್ರ ಯಾರೂ ಪಕ್ಷಪಾತ ಅನ್ನಂಗಿಲ್ಲ’ ಎಂದೆ. ಆ ಮಾತಿಗೆ ನಾನು ಉಬ್ಬಿಹೋದೆ. ಟಾಕಿಯ ಬಾಗಿಲು ತುಳಿಯದವಳು ಹೆಂಗಸರ ಬಾಕಿನ ಮೇಲೆ ಕುಳಿತು ಎಲ್ಲ ಚಿತ್ರಗಳನ್ನೂ ನೋಡಿದೆ.

ಬೆಂಗೇರಿಯ ಸಾವಕ್ಕನ ಅಭಿನಯ ಇನ್ನೂ ಕಣ್ಣಿಗೆ ಕಟ್ಟಿದೆ. ಮಗ ಸತ್ತ ಸುದ್ದಿ ಬಂದರೂ ರೊಟ್ಟಿ ಬಡಿಯುವ ಕೈ ನಿಲ್ಲಿಸುವುದಿಲ್ಲ. ಹಂಚಿನ ಮೇಲಿನದು ಸೀದು ಕರಕಾಗುತ್ತದೆ, ಅದರ ಕಡೆ ನೋಡುವುದಿಲ್ಲ. ಪಂಚರೆಲ್ಲ ಆಕೆಗೇ ಕೈ ಎತ್ತಿದೆವು.

ಸಮಾರಂಭದ ದಿನ ಗೆದ್ದವಳಿಗೆ ಉಡಿ ತುಂಬಲು ಖಣ, ಅಕ್ಕಿ, ತೆಂಗಿನಕಾಯಿ ಹಿಡಿದು ವೇದಿಕೆಯ ಮೇಲೆ ನಿಂತಿದ್ದೆ. ನೀನು ಕರೆದದ್ದು ಬೇರೆ ಹೆಸರು, ಅರಳೆ ವ್ಯಾಪಾರಿ ನೀಲಕಂಠಪ್ಪನವರ ಚಿತ್ರದ ನಾಯಕಿಯದು. ಅಷ್ಟು ಜನರೆದುರು ಏನು ಮಾಡಲಿ? ಆಕೆಗೇ ತುಂಬಿದೆ.

ಕೆಳಗಿಳಿದಾಗ ನಮ್ಮ ಜೊತೆಯ ಪಂಚ ಗುರುಶಿದ್ದಪ್ಪನವರು, ‘ಬಾಯಾರ, ನೀವು ಹಟಾ ಹಿಡೀದಿದ್ರ ಸಾವಕ್ಕಗ ಸಿಗ್ತಿತ್ತು ನೋಡ್ರಿ’ ಎಂದರು.

ಎಂಥ ಹಟ ಎಂದು ಕೇಳಿದೆ.

‘ಗಂಡ ಸತ್ತಾಕಿಗೆ ಉಡಿ ತುಂಬಂಗಿಲ್ಲ ಅಂದ್ರಂತಲ್ರಿ! ನಿಮ್ಮ ಮಗನೇ ಬಂದು ಹೇಳಿದ. ನಿಮ್ಮ ಮಡಿ ಊರಿಗೇ ಗೊತ್ತದ, ನಾವೂ ಸುಮ್ಮನಾದ್ವಿ.’

ನಿನ್ನನ್ನು ಕೇಳಿದರೆ ನಕ್ಕೆ. ‘ಪದಕಾ ಎಲ್ಲಾ ಕಡೆ ಹಿಂಗ ಕೊಡೂದವ್ವಾ. ಪಂಚರನ್ನ ಕೂಡಸೂದು ಮಂದಿ ನಂಬ್ಲಿ ಅಂತ’ ಎಂದೆ. ಯುಗಾದಿಯಿಂದ ನೀಲಕಂಠಪ್ಪನವರ ಟಾಕೀಜಿಗೆ ನೀನೇ ಮ್ಯಾನೇಜರ್ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದೆ. ನಾನು ಹಿಗ್ಗುತ್ತೇನೆಂದು ತಿಳಿದಿದ್ದೆಯೇನು?

ಇನ್ನು ಮುಂಬಯಿ, ಮದ್ರಾಸಿನ ದೊಡ್ಡ ಪದಕಗಳ ಸುದ್ದಿ ಓದಿದಾಗ ನನಗೆ ಬರುವ ಪ್ರಶ್ನೆ ಒಂದೇ: ಅಲ್ಲಿ ಯಾರ ತಾಯಿಯನ್ನು ಮುಂದೆ ಕೂಡಿಸಿದ್ದರು?

ಸಾವಕ್ಕ ಗಂಡ ಸತ್ತವಳೆಂಬುದೇ ನನಗೆ ಗೊತ್ತಿರಲಿಲ್ಲ. ಹೇಳಿ ಕೇಳಿದ್ದರೆ ಉಡಿ ತುಂಬಲು ಒಲ್ಲೆ ಎನ್ನುತ್ತಿದ್ದೆನೋ ಏನೋ. ನನ್ನ ಮಡಿ ಕಟ್ಟುನಿಟ್ಟಾದದ್ದು, ಅದಕ್ಕೆ ನಾಚುವುದಿಲ್ಲ. ಆದರೆ ಆ ಮಾತು ನನ್ನ ಬಾಯಿಂದ ಬರಬೇಕಿತ್ತು. ಉಡಿಗೆ ಅಡ್ಡಿಯಿದ್ದರೆ ಪದಕಕ್ಕೇನು ಅಡ್ಡಿ? ಇಷ್ಟು ವರ್ಷ ನಾನು ಕಾಯ್ದುಕೊಂಡು ಬಂದ ನಡತೆಯನ್ನು ನೀನು ನಿನ್ನ ನೌಕರಿಗೆ ಮರೆ ಮಾಡಿಕೊಂಡೆ.

ಬೆಂಗೇರಿಗೆ ಹೋಗಿ ಸಾವಕ್ಕನೆದುರು ನಿಂತು ನಡೆದದ್ದನ್ನು ಹೇಳು. ಅಲ್ಲಿಯವರೆಗೆ ಈ ಮನೆಯ ಹೊಸ್ತಿಲು ದಾಟಬೇಡ.

ನಿನ್ನನ್ನು ಹೆತ್ತವಳು,
ಅಂಬಾಬಾಯಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸಾವಕ್ಕನೇ ಬಂದಳು. ಒಳಗೆ ಕರೆದರೂ ಬರಲಿಲ್ಲ. ಕಟ್ಟೆಯ ಹತ್ತಿರವೇ ನಿಂತು, ‘ನೀವು ಹಂಗ ಅಂದದ್ದು ಖರೇ ಏನ್ರಿ, ಅವ್ವಾರ?’ ಎಂದಳು. ಇಲ್ಲ ಎಂದರೆ ನನ್ನ ಮಗ ಸುಳ್ಳುಗಾರ ಎಂದು ನನ್ನ ಬಾಯಿಂದಲೇ ಹೇಳಿದಂತಾಗುತ್ತಿತ್ತು. ಹೌದು ಎಂದೆ. ಕೈಮುಗಿದು ಹೊರಟುಹೋದಳು. ಈಗ ನೀನು ಹೋಗಿ ಖರೆ ಹೇಳಿದರೆ ಸುಳ್ಳು ಹೇಳಿದವಳು ನಾನೂ ಆಗುತ್ತೇನೆ. ಆದರೂ ಹೋಗು.